ಇನ್ನೂರು ಚಿಲ್ಲರೆ ರೂಪಾಯಿ ರಬ್ಬರಿಗೆ ಕಾರು ಗುಜರಿಗೆ ಹಾಕಬೇಕಾ?

ಎರಡು ತಿಂಗಳ ಹಿಂದೆ, ಆಗಸ್ಟಿನ ಒಂದು ಬೆಳಗ್ಗೆ, ಆಫೀಸಿನ ಮೀಟಿಂಗ್ ಮಧ್ಯೆ ಅಮ್ಮನ ಫೋನು. ಕಟ್ ಮಾಡಿದೆ. ಮತ್ತೆ ಬಂತು. ಮೂರನೇ ಸಲ ಎತ್ತಿದೆ.

"ಲೇ, ಗಾಜು ಮೇಲಕ್ಕೇ ಏಳ್ತಿಲ್ಲ ಕಣೇ. ಇಲ್ಲಿ ಜೋರು ಮಳೆ. ಸೀಟೆಲ್ಲ ನೆಂದೋಯ್ತು. ನಿಮ್ಮಪ್ಪ ಕಾರೊಳಗೇ ಕೊಡೆ ಬಿಚ್ಕೊಂಡು ಕೂತಿದಾರೆ."

ನಗು ಬಂತು. ಆಮೇಲೆ ಅವರು ಎಲ್ಲಿದಾರೆ ಅಂತ ಕೇಳಿದೆ. ತುಮಕೂರಿನಿಂದ ಗುಬ್ಬಿ ಕಡೆ, ಅಜ್ಜಿ ಮನೆಗೆ ಹೋಗೋ ದಾರೀಲಿ. ರಸ್ತೆ ಪಕ್ಕ ನಿಲ್ಲಿಸಿಕೊಂಡಿದ್ದಾರೆ. ನಗು ನಿಂತುಹೋಯ್ತು.

ಆ ಕಾರು 2006ರ ಮಾಡೆಲ್. ಹೆಸರು ಹೇಳಲ್ಲ, ಬೇಡ. ಒಂದಷ್ಟು ವರ್ಷ ಮಾರಾಟವಾಗಿ, ಅಂಥ ಹೆಸರೇನೂ ಮಾಡದೆ ನಿಂತುಹೋದ ಒಂದು ಸಣ್ಣ ಕಾರು. ಅಮ್ಮ ಹೈಸ್ಕೂಲ್ ಮೇಷ್ಟ್ರಾಗಿದ್ದಾಗ ಪಿಎಫ್ ಸಾಲ ತೆಗೆದು ಕೊಂಡದ್ದು. ಆಗ ಅವಳಿಗೆ 46 ವರ್ಷ. ಆ ವಯಸ್ಸಲ್ಲಿ ಡ್ರೈವಿಂಗ್ ಕಲಿತಳು. ಅಪ್ಪ ಇವತ್ತಿಗೂ ಕಲಿತಿಲ್ಲ, ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಾರೆ. ಈಗ ಅಮ್ಮನಿಗೆ 64. ಅಜ್ಜಿಗೆ ಮಾತ್ರೆ ತಲುಪಿಸೋದು, ಅಪ್ಪನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋದು, ರಿಟೈರ್ ಆದ ಗೆಳತಿಯರನ್ನ ಹತ್ತಿಸಿಕೊಂಡು ಸಿದ್ಧಗಂಗೆಗೆ ಹೋಗಿಬರೋದು, ಎಲ್ಲಾ ಆ ಕಾರಲ್ಲೇ. ಬೇರೆ ಕಾರು ಅವಳಿಗೆ ಆಗಲ್ಲ. ನನ್ನ ಹೊಸ ಕಾರನ್ನ ಒಂದ್ಸಲ ಓಡಿಸಿ, "ಇದರ ಮೂತಿ ಎಲ್ಲಿ ಮುಗಿಯುತ್ತೆ ಅಂತಾನೇ ಗೊತ್ತಾಗಲ್ಲ" ಅಂತ ಕೀ ವಾಪಸ್ ಕೊಟ್ಟಳು. ಆ ಕಾರು ಹೋದರೆ ಅಮ್ಮನ ಡ್ರೈವಿಂಗೂ ಹೋಯ್ತು. ಆಮೇಲೆ ಆಟೋದವರ ಮರ್ಜಿ, ಪಕ್ಕದ ಮನೆ ಹುಡುಗನ ಮರ್ಜಿ, ವಾರಾಂತ್ಯಕ್ಕೆ ಬರೋ ಮಗಳ ಮರ್ಜಿ.

ಇಷ್ಟಕ್ಕೂ ಆ ಕಾರಿಗೆ ಆಗಿದ್ದೇನು? ಎಂಜಿನ್ ಸರಿ ಇದೆ. ಗೇರ್ ಸರಿ ಇದೆ. ಎಸಿ ಕೂಡ ಸರಿ ಇದೆ. ಕಿಟಕಿ ಗಾಜಿನ ಸುತ್ತ ಇರುತ್ತಲ್ಲ ಕಪ್ಪು ರಬ್ಬರು, ಅದು ಹೋಗಿದೆ. ಅಷ್ಟೇ.

ನಾನೂ ಮೊದಲು ಹಾಗೇ ಅಂದ್ಕೊಂಡೆ, ಅಷ್ಟೇ ತಾನೇ ಅಂತ. ಕಾರಿನ ಬಾಗಿಲಲ್ಲಿ ಏನೇನಿದೆ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ? ಗಾಜು ಮೇಲೆ ಕೆಳಗೆ ಜಾರೋದು ಒಂದು ರಬ್ಬರ್ ಕಾಲುವೆಯೊಳಗೆ. ಅಂಗಡಿಯವರು ಅದನ್ನ ರನ್ ಚಾನೆಲ್ ಅಂತಾರೆ. ಬಾಗಿಲ ಚೌಕಟ್ಟಿನ ಮುಂದೆ, ಮೇಲೆ, ಹಿಂದೆ, ಮೂರೂ ಕಡೆ ಸುತ್ತಿಕೊಂಡು ಬರುತ್ತೆ. ಒಳಮೈಗೆ ವೆಲ್ವೆಟ್ಟಿನಂಥ ಸಣ್ಣ ನಾರು ಅಂಟಿಸಿರುತ್ತಾರೆ, ಗಾಜು ನುಣ್ಣಗೆ ಜಾರಲಿ ಅಂತ. ಗಾಜು ಬಾಗಿಲೊಳಗೆ ಇಳಿಯೋ ಜಾಗದಲ್ಲಿ, ಹೊರಗೊಂದು ಒಳಗೊಂದು ಪಟ್ಟಿ ಇರುತ್ತೆ. ಅದಕ್ಕೆ ಬೀಡಿಂಗ್ ಅಂತಾರೆ. ಹೊರಗಿನ ಬೀಡಿಂಗ್ ಗಾಜಿನ ಮೇಲಿನ ನೀರನ್ನ ಒರೆಸಿ ಹೊರಗೇ ಬಿಡುತ್ತೆ. ಅದನ್ನೂ ದಾಟಿ ಒಳಗೆ ಹೋದ ನೀರು ಬಾಗಿಲ ತಳದಲ್ಲಿರೋ ಸಣ್ಣ ತೂತುಗಳಿಂದ ಇಳಿದುಹೋಗುತ್ತೆ.

ವರ್ಷಾನುಗಟ್ಟಲೆ ಬಿಸಿಲು ತಿಂದ ರಬ್ಬರು ಗಟ್ಟಿಯಾಗಿ, ಕುಗ್ಗಿ, ಬಿರುಕು ಬಿಡುತ್ತೆ. ವೆಲ್ವೆಟ್ ಉದುರುತ್ತೆ. ಗಾಜು ಜಾರೋ ಬದಲು ಉಜ್ಜಿಕೊಂಡು ಏಳುತ್ತೆ. ಅದನ್ನ ಎಳೆಯೋ ಪುಟ್ಟ ಮೋಟರು ಏದುಸಿರು ಬಿಡುತ್ತೆ. ಒಂದು ದಿನ ಕೇಬಲ್ ಹರಿಯುತ್ತೆ, ಇಲ್ಲಾ ಪ್ಲಾಸ್ಟಿಕ್ ಕ್ಲಿಪ್ ಮುರಿಯುತ್ತೆ, ಇಲ್ಲಾ ಮೋಟರೇ ಸುಡುತ್ತೆ. ಇತ್ತ ಕುಗ್ಗಿದ ಬೀಡಿಂಗಿನ ಸಂದಿಯಲ್ಲಿ ನೀರು ಧಾರಾಳವಾಗಿ ಒಳಗೆ ಸುರಿಯುತ್ತೆ. ತಳದ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ನೀರು ಅಲ್ಲೇ ನಿಲ್ಲುತ್ತೆ. ಬಾಗಿಲ ಅಂಚು ತುಕ್ಕು ಹಿಡಿಯುತ್ತೆ, ಕಾಲ ಕೆಳಗಿನ ಕಾರ್ಪೆಟ್ ನೆನೆಯುತ್ತೆ, ಬೂಸ್ಟು ವಾಸನೆ ಶುರುವಾಗುತ್ತೆ. ಅಲ್ಲಿಗೆ ಮನೆಯವರೆಲ್ಲ ಒಂದೇ ಮಾತು: "ಈ ಕಾರಿಗೆ ವಯಸ್ಸಾಯ್ತು, ಕೊಟ್ಬಿಡಿ."

ವಯಸ್ಸಾಗಿದ್ದು ಕಾರಿಗಲ್ಲ, ರಬ್ಬರಿಗೆ. ಚಪ್ಪಲಿ ಸವೆದರೆ ಕಾಲು ಕತ್ತರಿಸ್ತೀವಾ?

ಆ ಶನಿವಾರ ತುಮಕೂರಿಗೆ ಹೋಗಿ ಕಾರನ್ನ ಕಂಪನಿ ಸರ್ವಿಸ್ ಸೆಂಟರಿಗೆ ತಗೊಂಡು ಹೋದೆ. ಅದೇ ಜಾಗದಲ್ಲಿ ಹೋದ ವರ್ಷ ಅದೇ ಬಾಗಿಲಿಗೆ 4,800 ರೂಪಾಯಿ ಕೊಟ್ಟು ಹೊಸ ಮೋಟರ್ ಹಾಕಿಸಿದ್ದಳು ಅಮ್ಮ. ರಬ್ಬರು ಬದಲಾಯಿಸಿರಲಿಲ್ಲ. ಗಟ್ಟಿಯಾದ ರಬ್ಬರಿಗೆ ಹೊಸ ಮೋಟರ್ ಹಾಕೋದು ಅಂದ್ರೆ ತೂತು ಬಿದ್ದ ಕೊಡಕ್ಕೆ ಹೊಸ ಹಗ್ಗ ಕಟ್ಟಿದ ಹಾಗೆ. ಯಾಕೆ ಬದಲಾಯಿಸಲಿಲ್ಲ ಅಂತ ಕೇಳಿದೆ.

"ಮೇಡಂ, ಆ ಪಾರ್ಟ್ ಡಿಸ್‌ಕಂಟಿನ್ಯೂ ಆಗಿದೆ."

"ಯಾವಾಗ?"

"ಸಿಸ್ಟಮಲ್ಲಿ ಬರ್ತಿಲ್ಲ ಮೇಡಂ."

ಹಾಗಾದ್ರೆ ಏನು ಮಾಡ್ಬೇಕು ಅಂತ ಕೇಳಿದ್ದಕ್ಕೆ, ಅಲ್ಲೀವರೆಗೂ ಕಾಣಿಸದಿದ್ದ ಒಬ್ಬ ಟೈ ಕಟ್ಟಿದ ಹುಡುಗ ಪ್ರತ್ಯಕ್ಷನಾದ. ಎಕ್ಸ್‌ಚೇಂಜ್ ಆಫರ್ ಇದೆ ಮೇಡಂ, ಈ ಗಾಡಿಗೆ 40,000 ಕೊಡ್ತೀವಿ, ಹೊಸದಕ್ಕೆ ಏಳು ವರ್ಷ ಲೋನ್ ಆಗುತ್ತೆ ಅಂದ. ಕೇಳಿದ್ದು ರಬ್ಬರ್ ಪಟ್ಟಿ, ತೋರಿಸಿದ್ದು ಏಳು ವರ್ಷದ ಇಎಂಐ. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ, ಅವನಿಗೂ ಟಾರ್ಗೆಟ್ ಇರುತ್ತೆ. ಕೋಪ ಇರೋದು ಈ ಏರ್ಪಾಡಿನ ಮೇಲೆ. ಪಾರ್ಟ್ ಇಲ್ಲ ಅನ್ನೋ ಕೌಂಟರೂ ಹೊಸ ಕಾರು ಮಾರೋ ಕೌಂಟರೂ ಒಂದೇ ಸೂರಿನಡಿ ಇದ್ದರೆ, ಪಾರ್ಟ್ ಇಡಬೇಕು ಅಂತ ಯಾರಿಗೆ ಅನ್ನಿಸುತ್ತೆ?

ಇದರಲ್ಲಿ ಇನ್ನೊಂದು ತಮಾಷೆ ನೋಡಿ. ಸರ್ಕಾರದ ಲೆಕ್ಕದಲ್ಲಿ ಈ ಕಾರು ಬದುಕಿದೆ. 15 ವರ್ಷ ತುಂಬಿದಾಗ, 2021ರಲ್ಲಿ, ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಇನ್ನೂ ಐದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡಿದ್ದೀವಿ. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. ಅಂದ್ರೆ ಹಳೇ ಕಾರು ಇಟ್ಟುಕೊಂಡವರಿಂದ ವಸೂಲಿ ಮಾಡೋಕೆ ನಿಯಮ ಇದೆ. ಆ ಕಾರನ್ನ ಮಾರಿದವರು ಅದಕ್ಕೆ ಬೇಕಾದ ರಬ್ಬರನ್ನ ಇಷ್ಟು ವರ್ಷ ಕೊಡಲೇಬೇಕು ಅಂತ ನನಗೊಂದು ಹಕ್ಕು ಇದೆಯಾ? ಕೌಂಟರಿನಲ್ಲಿ ತೋರಿಸೋಕೆ ಅಂಥ ಕಾಗದ ನನ್ನ ಹತ್ತಿರ ಒಂದೂ ಇಲ್ಲ.

ಬಿಡಿಭಾಗದ ಜಗಳ ನಮ್ಮ ದೇಶಕ್ಕೆ ಹೊಸದೇನಲ್ಲ. 2014ರ ಆಗಸ್ಟಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡೋ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನೋದು ಆರೋಪ. ಕಂಪನಿಗಳು ಮೇಲ್ಮನವಿ ಹಾಕಿದವು, ವಿಷಯ ಕೋರ್ಟುಗಳಲ್ಲಿ ಸುತ್ತಾಡಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಅದೇ ಡಿಸೆಂಬರಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಮೊಬೈಲು, ಗೃಹೋಪಯೋಗಿ ವಸ್ತು, ಕೃಷಿ ಯಂತ್ರ, ವಾಹನ ನಾಲ್ಕೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೇದೇ. ಆದರೆ ಪೋರ್ಟಲ್ ಅನ್ನೋದು ಕಾನೂನಲ್ಲ. ಅಮ್ಮನ ಗಾಜು ಪೋರ್ಟಲಿನಿಂದ ಮೇಲಕ್ಕೆ ಏಳಲ್ಲ.

ಇಷ್ಟು ಹೇಳಿದಾಗ ನನ್ನ ಆಫೀಸಿನ ಗೆಳೆಯರು ಮೂರು ಮಾತು ಅಂದರು. ಮೂರಕ್ಕೂ ಉತ್ತರ ಕೊಡ್ತೀನಿ.

ಒಂದು, "ಹದಿನೆಂಟು ವರ್ಷದ ಕಾರಿಗೆ ಯಾವ ಕಂಪನಿ ಸ್ಟಾಕ್ ಇಟ್ಕೊಂಡು ಕೂತಿರುತ್ತೆ?" ಸರಿ, ಇಟ್ಕೊಳ್ಳೋದು ಬೇಡ. ಗೋದಾಮಿಗೆ ದುಡ್ಡು ಖರ್ಚಾಗುತ್ತೆ, ಒಪ್ಪಿದೆ. ಆದರೆ ಇದು ಎಂಜಿನ್ ಕಂಪ್ಯೂಟರಲ್ಲ. ಚಕ್ಕುಲಿ ಒತ್ತಿದ ಹಾಗೆ, ಒಂದು ಅಚ್ಚಿನ ಮೂಲಕ ಉದ್ದಕ್ಕೆ ಒತ್ತಿ ತೆಗೆಯೋ ರಬ್ಬರು. ಮೂಲೆಗಳನ್ನ ಮಾತ್ರ ಬೇರೆ ಅಚ್ಚಲ್ಲಿ ಎರಕ ಹೊಯ್ದು ಸೇರಿಸಿರುತ್ತಾರೆ. ನೀವು ತಯಾರಿಸಲ್ವಾ? ಅದರ ಅಡ್ಡಸೀಳಿನ ಚಿತ್ರ ಮತ್ತು ಅಳತೆ ಬಿಡುಗಡೆ ಮಾಡಿ. ಸಣ್ಣ ರಬ್ಬರ್ ಕಾರ್ಖಾನೆಗಳವರು ಮಾಡ್ಕೋತಾರೆ. ಒಂದು ಎ4 ಹಾಳೆ ಹೊರಗೆ ಬಿಡೋಕೆ ಎಷ್ಟು ಖರ್ಚಾಗುತ್ತೆ?

ಇದೇನು ಆಗದ ಹೋಗದ ಮಾತಲ್ಲ. ಅಮೆರಿಕದಲ್ಲಿ 1965ರ ಮಸ್ಟ್ಯಾಂಗ್ ಕಾರಿಗೆ ಇವತ್ತೂ ಹೊಸ ಕಿಟಕಿ ರಬ್ಬರು ಸಿಗುತ್ತೆ, ಬೇರೆಯವರು ಮಾಡಿ ಮಾರ್ತಾರೆ. ಅಷ್ಟು ದೂರ ಯಾಕೆ, ನಮ್ಮ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಮಾರುತಿ 800 ನಿಂತದ್ದೂ ಅದೇ ವರ್ಷ. ಅವೆರಡಕ್ಕೂ ಜೆ.ಸಿ. ರೋಡಲ್ಲಿ ರಬ್ಬರ್ ಕೇಳಿ ನೋಡಿ, "ಎಷ್ಟು ಸೆಟ್ ಬೇಕು" ಅಂತಾರೆ. ಯಾಕೆ ಗೊತ್ತಾ? ದಶಕಗಟ್ಟಲೆ ಆ ಕಾರುಗಳ ಬಾಗಿಲು ಹೆಚ್ಚು ಬದಲಾಗಲಿಲ್ಲ, ಲಕ್ಷಾಂತರ ಗಾಡಿ ರಸ್ತೆಗೆ ಬಂದವು. ಹಾಗಾಗಿ ಹೊರಗಿನವರಿಗೆ ಅಚ್ಚು ಮಾಡಿಸೋದು ಲಾಭವಾಯ್ತು. ಈಗ ನಾಲ್ಕು ವರ್ಷಕ್ಕೊಂದು ಹೊಸ ಮುಖ, ಆರು ವರ್ಷಕ್ಕೆ ಮಾಡೆಲ್ಲೇ ಬಂದ್. ಅಚ್ಚು ಮಾಡಿಸೋ ಧೈರ್ಯ ಯಾರಿಗಿರುತ್ತೆ? ಶೋರೂಮಲ್ಲಿ ಹೊಸ ಹೆಡ್‌ಲೈಟ್ ನೋಡಿ ಬಾಯಿ ಬಿಡೋ ನಾವೇ, ಹತ್ತು ವರ್ಷದ ಮೇಲೆ ರಬ್ಬರ್ ಸಿಗಲಿಲ್ಲ ಅಂತ ಬಾಯಿ ಬಡ್ಕೋತೀವಿ.

ಎರಡು, "ಹಳೇ ಕಾರು ಹೊಗೆ ಬಿಡುತ್ತೆ, ಪರಿಸರಕ್ಕೆ ಹಾನಿ." ನಿಜ, ಹೊಸ ಎಂಜಿನ್‌ಗಳು ಇದಕ್ಕಿಂತ ಶುದ್ಧ. ಆದರೆ ಒಂದು ಹೊಸ ಕಾರಿನ ಉಕ್ಕು, ಗಾಜು, ಪ್ಲಾಸ್ಟಿಕ್ ತಯಾರಾಗೋವಾಗಲೇ ಹಲವು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಿರುತ್ತೆ. ಅಮ್ಮ ವರ್ಷಕ್ಕೆ ಓಡಿಸೋದು ಹೆಚ್ಚಂದ್ರೆ 3,000 ಕಿಲೋಮೀಟರ್, ಹೊಗೆ ತಪಾಸಣೆಯಲ್ಲಿ ಪಾಸಾಗಿದೆ. ಹೊಗೆಯಲ್ಲಿ ಫೇಲಾದ ಕಾರನ್ನ ಗುಜರಿಗೆ ಹಾಕಿ, ನಾನೇ ತಳ್ಳಿಕೊಂಡು ಬರ್ತೀನಿ. ರಬ್ಬರಲ್ಲಿ ಫೇಲಾದ ಕಾರನ್ನ ಗುಜರಿಗೆ ಹಾಕೋದು ಯಾವ ಪರಿಸರಪ್ರೇಮ?

ಮೂರು, "ಏರ್‌ಬ್ಯಾಗ್ ಇಲ್ಲ, ಅಮ್ಮನ ಸೇಫ್ಟಿ?" ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅದು ನನಗೂ ಚಿಂತೆಯೇ. ಹೈವೇಗೆ ಹೋಗಬೇಡ ಅಂತ ಹೇಳಿದ್ದೀನಿ, ಅವಳು ಹೋಗೋದೂ ಇಲ್ಲ. ಆದರೆ ಆ ಕಾರನ್ನ ಬಿಡಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವಳು ಅಮ್ಮ. ಆ ತೀರ್ಮಾನವನ್ನ ಒಂದು ಪಾರ್ಟ್ ನಂಬರ್ ಅಳಿಸೋ ಮೂಲಕ ಯಾರೋ ಆಫೀಸಲ್ಲಿ ಕೂತವರು ಮಾಡಬಾರದು.

"ಆಫೀಸಲ್ಲಿ ಕೂತವರು" ಅಂತ ಬರೆದೆ ನೋಡಿ, ಇಲ್ಲಿ ನಾನೂ ತಪ್ಪೊಪ್ಪಿಕೊಳ್ಳಬೇಕು. ನನ್ನ ಕೆಲಸ ಸಾಫ್ಟ್‌ವೇರ್ ಕಂಪನೀಲಿ, ಪ್ರಾಡಕ್ಟ್ ವಿಭಾಗದಲ್ಲಿ. ವರ್ಷಕ್ಕೆ ಒಂದೆರಡು ಸಲ ಗಿರಾಕಿಗಳಿಗೆ ಮೇಲ್ ಬರೀತೀನಿ. ಈ ಆವೃತ್ತಿಗೆ ಇನ್ನು ಸಪೋರ್ಟ್ ಇರೋದಿಲ್ಲ, ದಯವಿಟ್ಟು ಹೊಸದಕ್ಕೆ ಬದಲಾಯಿಸಿಕೊಳ್ಳಿ, ನಿಮ್ಮ ಸಹಕಾರಕ್ಕೆ ಧನ್ಯವಾದ. ಎಂಡ್ ಆಫ್ ಲೈಫ್ ಅನ್ನೋದು ನಮ್ಮ ಮಾತಲ್ಲಿ ಒಂದು ಸ್ಲೈಡು. ಬಳಸೋರು ಶೇಕಡ ಎರಡಕ್ಕಿಂತ ಕಡಿಮೆ ಇದಾರೆ ಅಂತ ಚಾರ್ಟ್ ತೋರಿಸಿದ್ರೆ ಎಲ್ಲರೂ ತಲೆ ಆಡಿಸ್ತೀವಿ. ಆ ಎರಡು ಪರ್ಸೆಂಟಲ್ಲಿ ಯಾರಿದಾರೆ ಅಂತ ಯಾವತ್ತೂ ಕೇಳಿರಲಿಲ್ಲ. ಈಗ ಗೊತ್ತಾಯ್ತು, ಮಳೇಲಿ ನಿಂತ ಕಾರಲ್ಲಿ ಒಬ್ಬರು ಕೊಡೆ ಬಿಚ್ಕೊಂಡು ಕೂತಿರ್ತಾರೆ.

ಇನ್ನು ರಬ್ಬರಿನ ಕತೆ ಏನಾಯ್ತು ಅಂತ ಹೇಳ್ತೀನಿ.

ಮೊದಲು ಆನ್‌ಲೈನಲ್ಲಿ "ಎಲ್ಲ ಕಾರಿಗೂ ಹೊಂದುತ್ತೆ" ಅನ್ನೋ ಅಂಟುಪಟ್ಟಿ ತರಿಸಿದೆ. ದಯವಿಟ್ಟು ತರಿಸಬೇಡಿ. ಅದು ಬಾಗಿಲಿನ ಸಂದಿಗೆ ಅಂಟಿಸೋ ಸ್ಪಂಜು. ಗಾಜು ಜಾರೋ ಜಾಗಕ್ಕೆ ಹಾಕಿದ್ರೆ ಇದ್ದ ಗಾಜೂ ಸಿಕ್ಕಿಹಾಕ್ಕೊಳ್ಳುತ್ತೆ. ಆಮೇಲೆ ತುಮಕೂರಿನ ನಮ್ಮ ಹಳೇ ಮೆಕ್ಯಾನಿಕ್ಕು, ಅಮ್ಮನ ಸ್ಟೂಡೆಂಟೇ, ಒಂದು ಬುದ್ಧಿ ಹೇಳಿಕೊಟ್ಟ. "ಅಕ್ಕಾ, ಕಾರಿನ ಹೆಸರು ಹೇಳ್ಕೊಂಡು ಹುಡುಕಬೇಡಿ. ಪೀಸ್ ಕತ್ತರಿಸಿ ತಗೊಂಡು ಹೋಗಿ." ಹಳೇ ಚಾನೆಲಿನಿಂದ ಎರಡು ಇಂಚು, ಬೀಡಿಂಗಿನಿಂದ ಎರಡು ಇಂಚು ಕತ್ತರಿಸಿ, ಗಾಜಿನ ದಪ್ಪ, ಚೌಕಟ್ಟಿನ ಸಂದಿಯ ಅಗಲ, ಆಳ ಮೂರನ್ನೂ ಅಳೆದು ಚೀಟಿ ಬರೆದುಕೊಟ್ಟ.

ಆ ಚೀಟಿ ಹಿಡ್ಕೊಂಡು ಜೆ.ಸಿ. ರೋಡಿಗೆ ಹೋದೆ. ಮೊದಲ ಮೂರು ಅಂಗಡೀಲಿ "ಯಾವ ಗಾಡಿ?" ಅಂದ್ರು, ಹೇಳಿದ ತಕ್ಷಣ "ಬರಲ್ಲ" ಅಂದ್ರು. ಒಂದು ಕಡೆ "ಸಾರ್ ಬಂದಿಲ್ವಾ ಮೇಡಂ?" ಅಂತಾನೂ ಕೇಳಿದ್ರು. ಸಾರ್ ತುಮಕೂರಲ್ಲಿ ಕೊಡೆ ಒಣಗಿಸ್ತಿದಾರೆ ಅಂತ ಹೇಳಬೇಕಿತ್ತು, ಹೇಳಲಿಲ್ಲ. ನಾಲ್ಕನೇ ಅಂಗಡೀಲಿ ಗಾಡಿ ಹೆಸರೇ ಹೇಳದೆ ಪೀಸನ್ನ ಕೌಂಟರ್ ಮೇಲಿಟ್ಟೆ. ಅಲ್ಲಿದ್ದ ವಯಸ್ಸಾದ ಯಜಮಾನರು ಅದನ್ನ ಹೆಬ್ಬೆಟ್ಟಲ್ಲಿ ಒತ್ತಿ, ತಿರುಗಿಸಿ, ಅಂಚನ್ನ ಬೆಳಕಿಗೆ ಹಿಡಿದು ನೋಡಿದ್ರು. ಎದ್ದು ಒಳಗೆ ಹೋಗಿ, ಬೇರೆ ಯಾವುದೋ ವ್ಯಾನಿನ ಚಾನೆಲಿನ ಸುರುಳಿ ತಂದ್ರು.

"ಇದು ಕೂರುತ್ತೆ ನೋಡಮ್ಮ. ತುಟಿ ಒಂದು ಎಮ್ಮೆಮ್ ದಪ್ಪ ಇದೆ, ಮೊದಲು ಸ್ವಲ್ಪ ಬಿಗಿ ಅನ್ಸುತ್ತೆ. ಮೂಲೇಲಿ ಮಡಚಬೇಡಿ, ಓರೆಯಾಗಿ ಕತ್ತರಿಸಿ ಅಂಟಿಸಿ."

ಮೀಟರಿಗೆ 90 ರೂಪಾಯಿ. ಒಂದು ಬಾಗಿಲಿಗೆ ಎರಡೂವರೆ ಮೀಟರ್. ಅಂದ್ರೆ 225 ರೂಪಾಯಿ. ಯಾವುದಕ್ಕೆ ನನಗೆ ಏಳು ವರ್ಷದ ಸಾಲ ತೋರಿಸಿದ್ರೋ ಅದರ ನಿಜವಾದ ಬೆಲೆ ಇದು.

ಹೊರಗಿನ ಬೀಡಿಂಗ್ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಅದರೊಳಗೆ ಲೋಹದ ಪಟ್ಟಿ, ಕ್ಲಿಪ್ಪು ಎಲ್ಲ ಇರುತ್ತೆ. ಎರಡು ಶನಿವಾರ ಶಿವಾಜಿನಗರದ ಗುಜರಿ ಅಂಗಡಿ ಸುತ್ತಿದೆ. ಕೊನೆಗೆ ಬೇರೆ ಕಾರಿನದು, ಸ್ವಲ್ಪ ಉದ್ದದ್ದು, ಮೂರು ಸಿಕ್ಕವು. ಮೆಕ್ಯಾನಿಕ್ ತುದಿ ಕತ್ತರಿಸಿ ಕೂರಿಸಿದ. ಮೋಟರಿನ ಹರಿದ ಕೇಬಲ್ ಬದಲಾಯಿಸಿದ, ಬಾಗಿಲ ತಳದ ತೂತುಗಳಿಗೆ ಕಡ್ಡಿ ಹಾಕಿ ಹದಿನೆಂಟು ವರ್ಷದ ಮಣ್ಣು ತೆಗೆದ. ಹೊಸ ಚಾನೆಲಿಗೆ ಎಂಜಿನ್ ಆಯಿಲ್, ಗ್ರೀಸು ಮುಟ್ಟಿಸಬೇಡಿ, ಈ ರಬ್ಬರು ಪೆಟ್ರೋಲಿಯಂ ಎಣ್ಣೆಗೆ ಉಬ್ಬಿಕೊಳ್ಳುತ್ತೆ, ವರ್ಷಕ್ಕೆರಡು ಸಲ ಸಿಲಿಕಾನ್ ಸ್ಪ್ರೇ ಹೊಡೀರಿ ಸಾಕು ಅಂತ ಹೇಳಿದ. ಹಿಂದಿನ ಬಲ ಬಾಗಿಲಿನ ಬೀಡಿಂಗ್ ಇನ್ನೂ ಸಿಕ್ಕಿಲ್ಲ. ಅಲ್ಲಿಗೆ ಸದ್ಯಕ್ಕೆ ಟೇಪು.

ಈಗ ಹೇಳಿ, ಇದರಲ್ಲಿ ಕಂಪನಿಯಿಂದ ಆಗದೇ ಇರುವಂಥದ್ದು ಏನಿತ್ತು? ಆ ವ್ಯಾನಿನ ಚಾನೆಲ್ ನನ್ನ ಕಾರಿಗೆ ಕೂರುತ್ತೆ ಅಂತ ಒಬ್ಬ ಯಜಮಾನರ ಹೆಬ್ಬೆಟ್ಟಿಗೆ ಗೊತ್ತಿತ್ತು. ಆ ಕಾರನ್ನ ಹುಟ್ಟಿಸಿದವರ ಸಿಸ್ಟಮಿಗೆ ಗೊತ್ತಿರಲಿಲ್ಲ. ಆ ಯಜಮಾನರು ನಾಳೆ ಅಂಗಡಿ ಮುಚ್ಚಿದ್ರೆ ಆ ವಿದ್ಯೆಯೂ ಹೋಯ್ತು. ನನ್ನ ಹಾಗೆ ಶನಿವಾರಗಳನ್ನ ಸುಡೋಕೆ ಪುರುಸೊತ್ತಿರೋ ಮಗಳು ಎಲ್ಲರಿಗೂ ಇರಲ್ಲ.

ಹಾಗಾಗಿ ನಾನು ಕೇಳೋದು ಮೂರೇ ಮೂರು. ಕಾರು ಮಾರೋವಾಗಲೇ, ಮೈಲೇಜು ಬರೆದ ಹಾಗೆ, ಬಿಡಿಭಾಗ ಎಷ್ಟು ವರ್ಷ ಕೊಡ್ತೀವಿ ಅಂತ ಬರೆದುಕೊಡಲಿ. ನಿಲ್ಲಿಸೋ ಮೊದಲು ಮಾಲೀಕರಿಗೆ ತಿಳಿಸಿ, ಕೊನೇ ಆರ್ಡರ್ ಹಾಕೋಕೆ ಒಂದು ವರ್ಷ ಅವಕಾಶ ಕೊಡಲಿ. ನಿಲ್ಲಿಸಿದ ಮೇಲೆ, ಅಳತೆಯ ಚಿತ್ರವನ್ನೂ, ಆ ರಬ್ಬರು ಇನ್ಯಾವ ಮಾಡೆಲಿಗೆ ಹೊಂದುತ್ತೆ ಅನ್ನೋ ಪಟ್ಟಿಯನ್ನೂ ಎಲ್ಲರಿಗೂ ಬಿಟ್ಟುಕೊಡಲಿ. ಇವು ಪೋರ್ಟಲಿನ ಸಲಹೆಯಾಗಿ ಬೇಡ, ಕಾನೂನಾಗಿ ಬರಲಿ.

ಅದು ಬರೋವರೆಗೆ ನಮ್ಮ ಕೈಲಾಗೋದೂ ಇದೆ. ಮುಂದಿನ ಸಲ ಶೋರೂಮಿಗೆ ಹೋದಾಗ ಸನ್‌ರೂಫ್ ಇದೆಯಾ ಅಂತ ಕೇಳೋ ಮೊದಲು, ಹದಿನೈದು ವರ್ಷದ ಮೇಲೆ ಕಿಟಕಿ ರಬ್ಬರ್ ಸಿಗುತ್ತಾ ಅಂತ ಕೇಳಿ. ಟೈ ಕಟ್ಟಿದ ಹುಡುಗ ನಗ್ತಾನೆ. ನಗಲಿ. ದಿನಕ್ಕೆ ಹತ್ತು ಜನ ಕೇಳಿದ್ರೆ ಮೇಲಿನವರಿಗೆ ಸುದ್ದಿ ಮುಟ್ಟುತ್ತೆ. ಮತ್ತೆ, ನನ್ನ ಹಾಗೆ ಎಂಡ್ ಆಫ್ ಲೈಫ್ ಮೇಲ್ ಬರೆಯೋ ಕೆಲಸದಲ್ಲಿದ್ದರೆ, ಕಳಿಸೋ ಮೊದಲು ಆ ಎರಡು ಪರ್ಸೆಂಟಿಗೆ ಒಂದು ಫೋನ್ ಮಾಡಿ. ಹೋದ ವಾರ ನಾನು ಮಾಡಿದೆ. ಗಡುವು ಆರು ತಿಂಗಳು ಮುಂದಕ್ಕೆ ಹೋಯ್ತು. ಮ್ಯಾನೇಜರ್ ಮುಖ ಸಿಂಡರಿಸಿಕೊಂಡ್ರು, ಇರಲಿ.

ನಿನ್ನೆ ಅಮ್ಮ ಮತ್ತೆ ಗುಬ್ಬಿ ದಾರಿಯಿಂದ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದೆ.

"ಮಳೆ ಬರ್ತಿದೆ ಕಣೇ. ಗಾಜು ಎದ್ದಿದೆ. ಹಿಂದಗಡೆ ಟೇಪು ಮಾತ್ರ ಬಿಟ್ಕೊಂಡಿದೆ. ನಿಮ್ಮಪ್ಪ ಎಡಗಡೆ ಸರ್ಕೊಂಡು ಕೂತಿದಾರೆ."

ಈ ಶನಿವಾರ ಮತ್ತೆ ಶಿವಾಜಿನಗರಕ್ಕೆ ಹೋಗ್ತಿದೀನಿ.